ಮೂರು ಗಾಲಿ, ಎರಡು ವಂಶ: ಪುಟ್ಟ ಮಕ್ಕಳ ಸ್ಕೂಟರ್ ಎಲ್ಲಿಂದ ಬಂತು?

ಇದು ಹೋದ ವಾರದ ವಿಡಿಯೋ ಮಾತಿನ ಬರಹ ರೂಪ. ಆಫೀಸ್ ಕ್ಯಾಬಲ್ಲಿ ಕೂತು ಓದುವವರಿಗೆ, ಮಗು ಮಲಗಿದೆ ಅಂತ ವಿಡಿಯೋ ಹಾಕೋಕೆ ಹೆದರುವ ಅಪ್ಪ-ಅಮ್ಮಂದಿರಿಗೆ ಅನುಕೂಲ ಆಗಲಿ ಅಂತ ಬರೆದಿದ್ದೇನೆ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿವೆ.

ಈ ಸಲದ ವಿಷಯ ಪುಲಕೇಶಿಯೂ ಅಲ್ಲ, ವಿಜಯನಗರವೂ ಅಲ್ಲ. ಎರಡೂವರೆ ವರ್ಷದ ಮಗುವಿಗೆ ಕೊಡಿಸುವ ಮೂರು ಗಾಲಿಯ ಸ್ಕೂಟರ್. ನಗಬೇಡಿ, ಇದಕ್ಕೂ ಚರಿತ್ರೆ ಇದೆ. ಆ ಚರಿತ್ರೆ ಗೊತ್ತಿದ್ದರೆ ಅಂಗಡಿಯಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು, ಯಾವುದನ್ನು ಅಲ್ಲೇ ಬಿಡಬೇಕು ಅನ್ನೋದು ಐದು ನಿಮಿಷದಲ್ಲಿ ತೀರ್ಮಾನ ಆಗುತ್ತೆ.

ನಾವಿರೋದು ಪುಣೆಯ ವಾಕಡ್ ಕಡೆ. ಸಂಜೆ ಆರಾದರೆ ಸೊಸೈಟಿಯ ಕೆಳಗಡೆ ಸ್ಕೂಟರ್‌ಗಳ ಸಂತೆ. ನಮ್ಮ ಮಗಳೂ ಕೈ ತೋರಿಸೋಕೆ ಶುರು ಮಾಡಿದಳು. ಹೆಂಡತಿ ಫೋನ್‌ನಲ್ಲಿ ಎರಡು ಮಾಡೆಲ್ ಆರಿಸಿ ನನ್ನ ಮುಂದೆ ಹಿಡಿದಳು: "ಎರಡಕ್ಕೂ ಮೂರು ಗಾಲಿನೇ. ಒಂದರ ಬೆಲೆ ಇನ್ನೊಂದರ ಅರ್ಧ. ಏನ್ರೀ ವ್ಯತ್ಯಾಸ?" ಅರಸೀಕೆರೆಯಿಂದ ವಿಡಿಯೋ ಕಾಲ್‌ನಲ್ಲಿದ್ದ ಅಪ್ಪ ತೀರ್ಪೂ ಕೊಟ್ಟುಬಿಟ್ಟರು: "ಮೂರು ಗಾಲಿ ಇದ್ದಮೇಲೆ ಬೀಳಲ್ಲ ಬಿಡಪ್ಪ. ಯಾವ್ದೋ ಒಂದು ತಗೊಂಡ್ಬಾ."

ಅಪ್ಪನ ಮಾತು ಕೇಳೋಕೆ ಸರಿ ಅನಿಸುತ್ತೆ. ಮುಕ್ಕಾಲಿ ಅಲ್ಲಾಡಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಮುಕ್ಕಾಲಿ ಓಡಲ್ಲ, ತಿರುಗಲ್ಲ, ಬ್ರೇಕ್ ಹಾಕಲ್ಲ. ಓಡುವ, ತಿರುಗುವ ಮೂರು ಗಾಲಿಯ ಕಥೆ ಬೇರೆ.

ಮೊದಲು ಆ ಎರಡು ಮಾಡೆಲ್ ಏನು ಅಂತ ಹೇಳಿಬಿಡುತ್ತೇನೆ. ಒಂದರಲ್ಲಿ ಮುಂದೆ ಒಂದೇ ಗಾಲಿ, ಹಿಂದೆ ಎರಡು. ಹ್ಯಾಂಡಲ್ ಸೈಕಲ್ ಥರ ಎಡಕ್ಕೆ ಬಲಕ್ಕೆ ತಿರುಗುತ್ತೆ. ಇನ್ನೊಂದರಲ್ಲಿ ಮುಂದೆ ಎರಡು ಗಾಲಿ, ಹಿಂದೆ ಒಂದು ಪುಟ್ಟ ಗಾಲಿ. ಅದರ ಹ್ಯಾಂಡಲ್ ತಿರುಗಿಸಿದರೆ ತಿರುಗೋದೇ ಇಲ್ಲ, ಅಂಗಡಿಯಲ್ಲಿ ಮೊದಲ ಸಲ ಹಿಡಿದವರು ಕೆಟ್ಟುಹೋಗಿದೆ ಅಂದುಕೊಳ್ಳುತ್ತಾರೆ. ಅದನ್ನು ತಿರುಗಿಸೋದು ಮೈ ವಾಲಿಸಿ. ಎಡಕ್ಕೆ ವಾಲಿದರೆ ಎಡಕ್ಕೆ ಹೋಗುತ್ತೆ, ಬಲಕ್ಕೆ ವಾಲಿದರೆ ಬಲಕ್ಕೆ. ನೋಡೋಕೆ ಇವೆರಡೂ ಅಕ್ಕ-ತಂಗಿಯರ ಥರ ಕಾಣುತ್ತವೆ. ಆದರೆ ಹುಟ್ಟಿದ ಮನೆಗಳೇ ಬೇರೆ. ಮೊದಲನೆಯದು ಬಂಡಿಯ ವಂಶ, ಎರಡನೆಯದು ಸ್ಕೇಟ್‌ನ ವಂಶ.

ಬಂಡಿಯ ವಂಶ

ಬಂಡಿಯ ವಂಶ ನಮಗೆ ಚೆನ್ನಾಗಿ ಗೊತ್ತು, ಯಾಕಂದ್ರೆ ನಮ್ಮಲ್ಲಿ ಬಹಳ ಜನ ನಡೆಯೋಕೆ ಕಲಿತದ್ದೇ ಅದರಿಂದ. ಮುಂದೊಂದು ಗಾಲಿ, ಹಿಂದೆರಡು ಗಾಲಿ, ನಿಂತು ಹಿಡಿದುಕೊಳ್ಳೋಕೆ ಅಡ್ಡಪಟ್ಟಿ ಇರುವ ಮರದ ಗಾಡಿ. ನಮ್ಮ ಮನೆಯಲ್ಲಿ ಅದಕ್ಕೆ ಮೂರು ಗಾಲಿ ಗಾಡಿ ಅಂತಲೇ ಹೆಸರು. ಇಲ್ಲಿ ಪುಣೆಯಲ್ಲಿ ಅದೇ ಗಾಡಿಗೆ ಪಾಂಗುಳಗಾಡಾ ಅಂತಾರೆ. ಚೆನ್ನೈನಲ್ಲಿರುವವರು ನಡೈವಂಡಿ ಅಂತ ಕೇಳಿರುತ್ತೀರಿ, ಹೈದರಾಬಾದಿನವರು ಮೂಡು ಚಕ್ರಾಲ ಬಂಡಿ ಅಂತ. ಚನ್ನಪಟ್ಟಣದ ರಸ್ತೆಬದಿಯ ಅಂಗಡಿಗಳಲ್ಲಿ ಇವತ್ತಿಗೂ ಅರಗಿನ ಬಣ್ಣ ಹಚ್ಚಿದ್ದು ಸಿಗುತ್ತೆ. ಬೆಂಗಳೂರಿಂದ ಮೈಸೂರಿಗೆ ಕಾರಲ್ಲಿ ಹೋಗುವಾಗ ಒಮ್ಮೆಯಾದರೂ ನೋಡಿರುತ್ತೀರಿ.

ಮಗು ತಳ್ಳಿಕೊಂಡು ನಡೆಯೋ ಚೌಕಟ್ಟು ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಹಿಯೆರೋನಿಮಸ್ ಬಾಶ್ ಅನ್ನೋ ಡಚ್ ಚಿತ್ರಕಾರ ಸುಮಾರು 500 ವರ್ಷದ ಹಿಂದೆ ಬರೆದ ಒಂದು ಚಿತ್ರ ವಿಯೆನ್ನಾದ ಮ್ಯೂಸಿಯಂನಲ್ಲಿದೆ. ಅದರಲ್ಲಿ ಬಾಲ ಯೇಸು ಒಂದು ಕೈಯಲ್ಲಿ ಗಿರಗಿಟ್ಲೆ ಹಿಡಿದು, ಇಂಥ ಚೌಕಟ್ಟನ್ನು ತಳ್ಳಿಕೊಂಡು ಹೊರಟಿದ್ದಾನೆ. ದೇವರ ಮಗನಿಗೂ ನಡೆಯೋಕೆ ಕಲಿಯುವಾಗ ಆಸರೆ ಬೇಕಾಯ್ತು!

ಇಲ್ಲಿ ಗಮನಿಸಬೇಕಾದ್ದು ಒಂದೇ. ಈ ಮರದ ಗಾಡಿಯಲ್ಲಿ ಮಗು ಗಾಡಿಯ ಮೇಲೆ ಇರೋದಿಲ್ಲ, ಹಿಂದೆ ಇರುತ್ತೆ. ತೂಕ ಮಗುವಿನ ಕಾಲ ಮೇಲೆ, ಕಾಲು ನೆಲದ ಮೇಲೆ. ವೇಗ ಅಂದ್ರೆ ಮಗುವಿನ ನಡಿಗೆಯ ವೇಗ. ಅದಕ್ಕೇ ಆ ಗಾಡಿ ಅಷ್ಟು ತಲೆಮಾರು ಬಾಳಿತು. ಅದೇ ಮೂರು ಗಾಲಿಯ ಮೇಲೆ ಮನುಷ್ಯನನ್ನು ಹತ್ತಿಸಿದಾಗ ತೊಂದರೆ ಶುರು.

ಹತ್ತಿಸಿದವರಲ್ಲಿ ಮೊದಲಿಗರ ಸಾಲಿನಲ್ಲಿ ಬರೋದು ಜರ್ಮನಿಯ ನ್ಯೂರೆಂಬರ್ಗ್ ಹತ್ತಿರದ ಸ್ಟೀಫನ್ ಫಾರ್ಫ್ಲರ್. ಗಡಿಯಾರ ಮಾಡುವವನು, ನಡೆಯೋಕೆ ಆಗುತ್ತಿರಲಿಲ್ಲ. 1655ರಲ್ಲಿ ಕೈಯಿಂದ ತಿರುಗಿಸಿ ಓಡಿಸುವ ಮೂರು ಗಾಲಿಯ ಕುರ್ಚಿಯೊಂದನ್ನು ತನಗಾಗಿ ತಾನೇ ಕಟ್ಟಿಕೊಂಡ. ಮುಂದಿನ ಒಂದೇ ಗಾಲಿಗೆ ಹಲ್ಲಿನ ಚಕ್ರ ಸೇರಿಸಿ ಕೈಹಿಡಿಯಿಂದ ತಿರುಗಿಸೋದು. ಗಡಿಯಾರದವನಿಗೆ ಹಲ್ಲಿನ ಚಕ್ರ ಹೊಸದೇನಲ್ಲವಲ್ಲ.

ನಂತರ ನೇರವಾಗಿ 1886ಕ್ಕೆ ಬನ್ನಿ. ಕಾರ್ಲ್ ಬೆಂಜ್ ಪೇಟೆಂಟ್ ಮಾಡಿದ ಮೊದಲ ಮೋಟಾರು ಕಾರಿಗೆ ಎಷ್ಟು ಗಾಲಿ ಇತ್ತು? ಮೂರು. ಮುಂದೆ ಒಂದು, ಹಿಂದೆ ಎರಡು. ನಾಲ್ಕು ಗಾಲಿ ಹಾಕೋಕೆ ಅವನಿಗೆ ಜಿಪುಣತನ ಏನೂ ಇರಲಿಲ್ಲ. ತಿರುವಿನಲ್ಲಿ ಒಳಗಿನ ಗಾಲಿ ಸಣ್ಣ ವೃತ್ತದಲ್ಲಿ ಹೋಗಬೇಕು, ಹೊರಗಿನದು ದೊಡ್ಡ ವೃತ್ತದಲ್ಲಿ. ಅಂದರೆ ಮುಂದಿನ ಎರಡು ಗಾಲಿಗಳೂ ಬೇರೆ ಬೇರೆ ಕೋನಕ್ಕೆ ತಿರುಗಬೇಕು. ಈ ಲೆಕ್ಕಕ್ಕೆ ಮ್ಯೂನಿಕ್‌ನ ಲಾಂಕೆನ್‌ಸ್ಪೆರ್ಗರ್ ಎಂಬ ಸಾರೋಟು ತಯಾರಕ 1817ರಲ್ಲೇ ಉತ್ತರ ಕಂಡುಕೊಂಡಿದ್ದ. ಅದನ್ನು ಲಂಡನ್ನಿನಲ್ಲಿ ಪೇಟೆಂಟ್ ಮಾಡಿಸಿದ ಏಜೆಂಟ್ ಆಕರ್‌ಮನ್‌ನ ಹೆಸರೇ ಉಳಿದುಬಿಟ್ಟಿತು. ಕೋಡ್ ಬರೆದವನು ಒಬ್ಬ, ಡೆಮೋ ಕೊಟ್ಟವನು ಇನ್ನೊಬ್ಬ. ನಮ್ಮ ಕ್ಷೇತ್ರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಂಜ್‌ಗೆ ಸಮಾಧಾನ ಆಗುವಂಥ ಸ್ಟೀರಿಂಗ್ ಸಿಗಲಿಲ್ಲವಾಗಿ ಅವನು ಮುಂದೆ ಒಂದೇ ಗಾಲಿ ಹಾಕಿ ಆ ಸಮಸ್ಯೆಯನ್ನೇ ದಾಟಿಕೊಂಡ. 1893ರಲ್ಲಿ ತನ್ನದೇ ಸ್ಟೀರಿಂಗ್ ಪೇಟೆಂಟ್ ಸಿಕ್ಕಮೇಲೆ ನಾಲ್ಕು ಗಾಲಿಗೆ ಹೋದ.

ಅಂದರೆ ಮುಂದೆ ಒಂದು ಗಾಲಿ ಬಂದದ್ದು ಬೀಳಬಾರದು ಅಂತಲ್ಲ, ತಿರುಗಿಸೋಕೆ ಸುಲಭ ಅಂತ. ತಯಾರಿಸೋಕೆ ಅಗ್ಗ ಅಂತ. ಈ ಮಾತನ್ನು ನೆನಪಲ್ಲಿ ಇಟ್ಟುಕೊಳ್ಳಿ.

ಅದೇ ಕಾರಣಕ್ಕೆ ಇಟಲಿಯ ಪಿಯಾಜಿಯೋ ಕಂಪನಿ 1948ರಲ್ಲಿ ವೆಸ್ಪಾ ಸ್ಕೂಟರಿನ ಹಿಂದೆ ಎರಡು ಗಾಲಿ ಜೋಡಿಸಿ 'ಆಪೆ' ಅನ್ನೋ ಸಾಮಾನು ಗಾಡಿ ಮಾಡಿತು. ವೆಸ್ಪಾ ಅಂದ್ರೆ ಕಣಜ, ಆಪೆ ಅಂದ್ರೆ ಜೇನುನೊಣ. ಭಾರತದಲ್ಲಿ ಬಜಾಜ್‌ಗೆ ಎರಡು ಗಾಲಿ ಮತ್ತು ಮೂರು ಗಾಲಿ ವಾಹನ ತಯಾರಿಸುವ ಲೈಸೆನ್ಸ್ ಸಿಕ್ಕಿದ್ದು 1959ರಲ್ಲಿ. ನಾವು ಪುಣೆಯಲ್ಲಿರುವವರು ಆಕುರ್ಡಿ ಮೇಲೆ ಹಾದುಹೋಗುವಾಗ ಆ ಕಾರ್ಖಾನೆಯ ಬೋರ್ಡು ದಿನಾ ನೋಡುತ್ತೇವೆ. ನಮ್ಮ ಆಟೋ ರಿಕ್ಷಾ ಈ ಬಂಡಿಯ ವಂಶದ ಅತ್ಯಂತ ಯಶಸ್ವಿ ಮಗ.

ಈಗ ಯೋಚಿಸಿ, ಆಟೋದವರು ವೇಗವಾಗಿ ತಿರುವು ತಗೊಂಡಾಗ ನೀವು ಒಳಗೆ ಕೂತು ಏನು ಮಾಡುತ್ತೀರಿ? ಕಂಬಿ ಗಟ್ಟಿ ಹಿಡಿದು ಒಳಮೈಗೆ ವಾಲುತ್ತೀರಿ. ಯಾರೂ ಹೇಳಿಕೊಟ್ಟಿಲ್ಲ, ಆದರೂ ಮಾಡುತ್ತೀರಿ. ಕಾರಣ ಇಷ್ಟು: ಮೂರು ಗಾಲಿ ನೆಲ ಮುಟ್ಟುವ ಜಾಗಗಳನ್ನು ಸೇರಿಸಿ ಗೆರೆ ಎಳೆದರೆ ಒಂದು ತ್ರಿಕೋನ ಆಗುತ್ತೆ. ವಾಹನದ ತೂಕ ಆ ತ್ರಿಕೋನದ ಒಳಗೆ ಬೀಳೋವರೆಗೆ ಅದು ನಿಂತಿರುತ್ತೆ, ಹೊರಗೆ ಬಿದ್ದರೆ ಮಗುಚುತ್ತೆ. ಮುಂದೆ ಒಂದೇ ಗಾಲಿ ಇದ್ದರೆ ತ್ರಿಕೋನದ ಚೂಪು ತುದಿ ಮುಂದೆ. ಬ್ರೇಕ್ ಹಾಕಿದಾಗಲೋ ಇಳಿಜಾರಿನಲ್ಲಿ ಇಳಿಯುವಾಗಲೋ ತೂಕ ಮುಂದಕ್ಕೆ ಜಾರುತ್ತೆ, ತಿರುಗುವಾಗ ಹೊರಮೈಗೆ ಜಾರುತ್ತೆ. ಎರಡೂ ಒಟ್ಟಿಗೆ ಆದರೆ ತೂಕ ಹೋಗೋದು ತ್ರಿಕೋನ ಕಿರಿದಾಗುವ ಜಾಗಕ್ಕೇ. ಎರಡು ಗಾಲಿ ಮುಂದೆ ಇದ್ದರೆ ಅದೇ ತೂಕ ತ್ರಿಕೋನದ ಅಗಲವಾದ ಕಡೆಗೆ ಹೋಗುತ್ತೆ.

ಕೂತ ಸೈಕಲ್‌ನಲ್ಲಿ ಇದು ಅಷ್ಟಾಗಿ ಕಾಡಲ್ಲ, ತೂಕ ಕೆಳಗೆ ಇರುತ್ತೆ. ಸ್ಕೂಟರ್ ಮೇಲೆ ಮಗು ನಿಂತಿರುತ್ತೆ. ಪುಟ್ಟ ಮಕ್ಕಳ ತಲೆ ಬೇರೆ ಮೈಗಿಂತ ಭಾರ ಅನ್ನೋ ಹಾಗಿರುತ್ತೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ನೆನಪು ಮಾಡಿಕೊಂಡರೆ ಉಳಿದದ್ದು ನಾನು ಹೇಳಬೇಕಾಗಿಲ್ಲ.

ಸ್ಕೇಟ್‌ನ ವಂಶ

ಈ ಕಡೆಯ ಕಥೆ ಒಡೆದ ಕನ್ನಡಿಯಿಂದ ಶುರು.

18ನೇ ಶತಮಾನದ ಲಂಡನ್ನಿನಲ್ಲಿ ಜಾನ್ ಜೋಸೆಫ್ ಮರ್ಲಿನ್ ಅಂತ ಒಬ್ಬ ಇದ್ದ. ಬೆಲ್ಜಿಯಂ ಕಡೆಯವನು, ಗಡಿಯಾರ, ವಾದ್ಯ, ಯಂತ್ರದ ಬೊಂಬೆ ಎಲ್ಲ ಮಾಡುತ್ತಿದ್ದ ಕುಶಲಿ. ಬೂಟಿನ ಕೆಳಗೆ ಪುಟ್ಟ ಗಾಲಿ ಹಾಕಿಕೊಂಡು ಒಂದು ದೊಡ್ಡ ಪಾರ್ಟಿಗೆ ಪಿಟೀಲು ಬಾರಿಸುತ್ತಲೇ ಪ್ರವೇಶ ಮಾಡಿದನಂತೆ. ಎಂಟ್ರಿ ಭರ್ಜರಿ. ಆದರೆ ಆ ಗಾಲಿಗಳಿಗೆ ತಿರುಗುವ ದಾರಿಯೂ ಇರಲಿಲ್ಲ, ನಿಲ್ಲುವ ದಾರಿಯೂ ಇರಲಿಲ್ಲ. ನೇರ ಹೋಗಿ 500 ಪೌಂಡಿಗಿಂತ ಹೆಚ್ಚು ಬೆಲೆಯ ಕನ್ನಡಿಗೆ ಗುದ್ದಿದ. ಕನ್ನಡಿ ಚೂರು, ಪಿಟೀಲು ಚೂರು, ಮೈಯೆಲ್ಲ ಗಾಯ. 1825ರ ಒಂದು ಸಂಗೀತ ಪ್ರಸಂಗಗಳ ಪುಸ್ತಕದಲ್ಲಿ ಬರುವ ಕಥೆ ಇದು. ಸ್ವಲ್ಪ ಮಸಾಲೆ ಸೇರಿರಬಹುದು, ಆದರೆ ಆ ಕಾಲದ ಸ್ಕೇಟ್‌ಗಳ ತೊಂದರೆ ಏನು ಅನ್ನೋದನ್ನು ಸರಿಯಾಗಿ ಹೇಳುತ್ತೆ.

ಉತ್ತರ ಸಿಗೋಕೆ ಇನ್ನೂ ನೂರು ವರ್ಷ ಹಿಡಿಯಿತು. 1863ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಲಿಯೊನಾರ್ಡ್ ಪ್ಲಿಂಪ್ಟನ್ ಒಂದು ಪೇಟೆಂಟ್ ತೆಗೆದುಕೊಂಡ. ಫರ್ನಿಚರ್ ವ್ಯಾಪಾರ ಇದ್ದವನು. ಅವನ ಸ್ಕೇಟ್‌ನಲ್ಲಿ ಮುಂದೆ ಎರಡು ಗಾಲಿ, ಹಿಂದೆ ಎರಡು ಗಾಲಿ. ಅದು ದೊಡ್ಡ ವಿಷಯ ಅಲ್ಲ. ದೊಡ್ಡ ವಿಷಯ ಅಂದ್ರೆ, ಗಾಲಿಯ ಅಚ್ಚನ್ನು ಪಾದದ ಹಲಗೆಗೆ ಗಟ್ಟಿಯಾಗಿ ಬಿಗಿಯದೆ, ಓರೆಯಾದ ಒಂದು ತಿರುಗಣೆಯ ಮೇಲೆ, ನಡುವೆ ರಬ್ಬರ್ ಮೆತ್ತೆ ಇಟ್ಟು ಕೂರಿಸಿದ್ದ. ಪಾದ ಒಂದು ಕಡೆಗೆ ವಾಲಿದರೆ ಹಲಗೆ ವಾಲುತ್ತೆ. ತಿರುಗಣೆ ಓರೆಯಾಗಿರೋದರಿಂದ ಆ ವಾಲುವಿಕೆ ಅಚ್ಚಿನ ತಿರುಗುವಿಕೆ ಆಗಿ ಬದಲಾಗುತ್ತೆ. ನೆಟ್ಟಗೆ ನಿಂತರೆ ರಬ್ಬರ್ ಎಲ್ಲವನ್ನೂ ಮತ್ತೆ ನೇರಕ್ಕೆ ತರುತ್ತೆ.

ಇದು ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಇಷ್ಟವಾದ ಜಾಗ. ಎಂಟೆಕ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದುವಾಗ ಫೀಡ್‌ಬ್ಯಾಕ್ ಅಂತ ಪುಟಗಟ್ಟಲೆ ಸಮೀಕರಣ ಬರೆದಿದ್ದೇವೆ. ಪ್ಲಿಂಪ್ಟನ್ ಒಂದು ತುಂಡು ರಬ್ಬರಿನಲ್ಲಿ ಅದನ್ನು ಮಾಡಿ ಮುಗಿಸಿದ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ತಿರುಗೋದು ಮತ್ತು ಸಮತೋಲನ ಎರಡು ಬೇರೆ ಕೆಲಸ ಆಗಿದ್ದವು, ಅವನ್ನು ಒಂದೇ ಕೆಲಸ ಮಾಡಿಬಿಟ್ಟ. ತಿರುವಿನಲ್ಲಿ ಮೈ ಹೊರಕ್ಕೆ ಎಸೆಯಲ್ಪಡುತ್ತೆ, ಆದ್ದರಿಂದ ಒಳಕ್ಕೆ ವಾಲಬೇಕು. ಅವನ ಸ್ಕೇಟ್‌ನಲ್ಲಿ ಒಳಕ್ಕೆ ವಾಲದೆ ತಿರುಗೋದಕ್ಕೇ ಸಾಧ್ಯವಿಲ್ಲ! ಆಟೋದಲ್ಲಿ ಕಂಬಿ ಹಿಡಿದು ನಾವು ಆಮೇಲೆ ಮಾಡುವ ತಿದ್ದುಪಡಿ ಇಲ್ಲಿ ಮೊದಲೇ ಆಗಿರುತ್ತೆ.

ಪ್ಲಿಂಪ್ಟನ್ ಸ್ಕೇಟಿಂಗ್ ರಿಂಕ್‌ಗಳನ್ನು ತೆರೆದ. 1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಎದ್ದ ಹುಚ್ಚಿಗೆ 'ರಿಂಕೋಮೇನಿಯಾ' ಅಂತಲೇ ಹೆಸರು ಬಿತ್ತು. ನಕಲು ಮಾಡಿದವರ ಮೇಲೆ ಅಲ್ಲಿನ ಕೋರ್ಟುಗಳಲ್ಲಿ ಕೇಸು ಹಾಕಿಕೊಂಡು ಓಡಾಡಿದ.

ಮುಂದಿನ ಹೆಜ್ಜೆ ಇಟ್ಟವರು ಇಂಜಿನಿಯರುಗಳಲ್ಲ, ಬೀದಿಯ ಹುಡುಗರು. 20ನೇ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಊರುಗಳಲ್ಲಿ ಮಕ್ಕಳು ಹಳೇ ಸ್ಕೇಟ್ ಒಂದನ್ನು ಎರಡು ಭಾಗ ಮಾಡಿ ಹಲಗೆಯ ಮುಂದೊಂದು ಹಿಂದೊಂದು ಮೊಳೆ ಹೊಡೆದು, ಮುಂದೆ ಹಣ್ಣಿನ ಪೆಟ್ಟಿಗೆ ನಿಲ್ಲಿಸಿ, ಅದರ ಮೇಲೆ ಹಿಡಿಕೆ ಬಡಿದು ಸ್ಕೂಟರ್ ಮಾಡಿಕೊಳ್ಳುತ್ತಿದ್ದರು. ನಮ್ಮೂರಲ್ಲಿ ಹುಡುಗರು ಹಳೇ ಬೇರಿಂಗ್ ತಂದು ಗಾಡಿ ಮಾಡಿ ಇಳಿಜಾರಿನಲ್ಲಿ ಬಿಡುತ್ತಿದ್ದರಲ್ಲ, ಅದೇ ಬುದ್ಧಿ. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಆ ಪೆಟ್ಟಿಗೆ, ಹಿಡಿಕೆ ಎಲ್ಲ ಹೋಗಿ ಹಲಗೆ ಮತ್ತು ಸ್ಕೇಟ್ ಗಾಲಿ ಮಾತ್ರ ಉಳಿದು ಸ್ಕೇಟ್‌ಬೋರ್ಡ್ ಆಯಿತು. ವಾಲಿದರೆ ತಿರುಗುವ ಪ್ಲಿಂಪ್ಟನ್ನನ ಸೂತ್ರ ಅದರ ಕೆಳಗೆ ಇದ್ದೇ ಇತ್ತು. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್‌ವರ್ದಿ ಅನ್ನೋ ಯುವಕ ಸ್ಕೇಟ್‌ಬೋರ್ಡಿಗೆ ಪಾಲಿಯುರಿಥೇನ್ ಗಾಲಿ ತಂದ. ಅಲ್ಲಿಯವರೆಗೆ ಇದ್ದ ಗಟ್ಟಿ ಗಾಲಿಗಳಿಗೆ ಒಂದು ಸಣ್ಣ ಕಲ್ಲು ಸಿಕ್ಕರೂ ಸಾಕಿತ್ತು, ಹಲಗೆ ಅಲ್ಲೇ ನಿಂತು ಹುಡುಗ ಮುಂದೆ ಹೋಗುತ್ತಿದ್ದ. ಪಾಲಿಯುರಿಥೇನ್ ಮೆತ್ತಗೆ, ನೆಲ ಹಿಡಿಯುತ್ತೆ, ಸಣ್ಣ ಕಲ್ಲನ್ನು ಉರುಳಿ ದಾಟುತ್ತೆ. ಇವತ್ತು ಸ್ಕೂಟರ್ ಡಬ್ಬದ ಮೇಲೆ 'ಪಿಯು ವೀಲ್ಸ್' ಅಂತ ಬರೆದಿರುತ್ತಲ್ಲ, ಅದು ಇದೇ.

ನಡುವೆ ಒಂದು ಮಾತು. 'ಸ್ಕೂಟರ್' ಅಂದ ಕೂಡಲೇ ನಮ್ಮ ಅಪ್ಪಂದಿರ ಕಣ್ಣ ಮುಂದೆ ಬಜಾಜ್ ಚೇತಕ್ ಬರುತ್ತೆ, ಆದರೆ ಇಂಗ್ಲಿಷಿನಲ್ಲಿ ಆ ಪದ ಮೊದಲು ಅಂಟಿದ್ದು ಕಾಲಲ್ಲಿ ನೂಕುವ ಮಕ್ಕಳ ಆಟಿಕೆಗೆ. ಅದಕ್ಕೆ ಎಂಜಿನ್ ಬಂದದ್ದು ಆಮೇಲೆ. 1915ರಲ್ಲಿ ನ್ಯೂಯಾರ್ಕಿನಲ್ಲಿ ಬಂದ 'ಆಟೋಪೆಡ್' ನಿಂತು ಓಡಿಸುವ ಎಂಜಿನ್ ಸ್ಕೂಟರ್. ಹಿಡಿಕೆಯ ಕಂಬವನ್ನು ಮುಂದೆ ತಳ್ಳಿದರೆ ಓಡುತ್ತಿತ್ತು, ಹಿಂದೆ ಎಳೆದರೆ ನಿಲ್ಲುತ್ತಿತ್ತು. ಬೆಂಗಳೂರು, ಪುಣೆಯಲ್ಲಿ ಬಾಡಿಗೆಗೆ ಸಿಗುತ್ತಿದ್ದ ಎಲೆಕ್ಟ್ರಿಕ್ ಸ್ಕೂಟರ್ ಹೊಸ ಐಡಿಯಾ ಅಂದುಕೊಂಡವರು ಆಟೋಪೆಡ್‌ನ ಹಳೇ ಫೋಟೋ ನೋಡಬೇಕು.

ಎರಡು ಮುಂದೆ, ಒಂದು ಹಿಂದೆ

ಈಗ ಜ್ಯೂರಿಕ್‌ಗೆ ಬರೋಣ. 1990ರ ದಶಕ. ವಿಮ್ ಔಬೋಟರ್ ಅನ್ನೋ ಬ್ಯಾಂಕ್ ಉದ್ಯೋಗಿಗೆ ಒಂದು ಸಂಜೆ ತನಗಿಷ್ಟವಾದ ಅಂಗಡಿಯ ಸಾಸೇಜ್ ತಿನ್ನಬೇಕು ಅನಿಸಿತು. ಆ ಅಂಗಡಿ ನಡೆಯೋಕೆ ದೂರ, ಕಾರು ತೆಗೆಯೋಕೆ ಹತ್ತಿರ. ಈ ನಡುವಿನ ದೂರಕ್ಕೆ ಒಂದು ವಾಹನ ಬೇಕಲ್ಲ ಅಂತ ಹೊಳೆದದ್ದು ಆಗ ಅಂತ ಅವನೇ ಹೇಳಿಕೊಂಡಿದ್ದಾನೆ. ನಮ್ಮಲ್ಲಿ ಮಿರ್ಚಿ ಬಜ್ಜಿಗೆ ಇಂಥ ಹಸಿವು ಎಷ್ಟು ಸಲ ಆಗಿಲ್ಲ. ಕಂಪನಿ ಮಾತ್ರ ಯಾರೂ ಕಟ್ಟಲಿಲ್ಲ. ಅವನು ಕಟ್ಟಿದ, ಮೈಕ್ರೋ ಅಂತ ಹೆಸರಿಟ್ಟ. ಮೊದಲು ಸ್ಮಾರ್ಟ್ ಕಾರಿನವರ ಜೊತೆ ಮಾತಾಡಿದ, ಕಾರಿನ ಹಿಂದೆ ಮಡಚಿಡುವ ಸ್ಕೂಟರ್ ಕೊಡೋಣ ಅಂತ. ಅದು ಕೈಗೂಡಲಿಲ್ಲ. ನಂತರ ಕೈಜೋಡಿಸಿದವರು ಅಮೆರಿಕದ ಕೆ2, ಸ್ಕೀ ಮತ್ತು ಸ್ಕೇಟ್ ಮಾಡುವ ಕಂಪನಿ. ಸ್ಕೇಟ್ ವಂಶದ ಕೈ ಇಲ್ಲಿಗೂ ಬಂತು ನೋಡಿ.

ಅವರು ತಂದ 'ಕಿಕ್‌ಬೋರ್ಡ್'ಗೆ ಮುಂದೆ ಎರಡು ಗಾಲಿ, ಹಿಂದೆ ಒಂದು. ಹಿಡಿಯೋಕೆ ಹ್ಯಾಂಡಲ್ ಅಲ್ಲ, ಒಂದು ಕೋಲು, ತುದಿಯಲ್ಲಿ ಗುಂಡಿ. ಕೋಲು ವಾಲಿಸಿದರೆ ಮುಂದಿನ ಗಾಲಿಗಳು ಆ ಕಡೆಗೆ ತಿರುಗುತ್ತವೆ, ಬಿಟ್ಟರೆ ನೇರ ಆಗುತ್ತವೆ. ಬೆಂಜ್ ತಪ್ಪಿಸಿಕೊಂಡಿದ್ದ ಎರಡು ಮುಂಗಾಲಿಯ ಸಮಸ್ಯೆಗೆ ಪ್ಲಿಂಪ್ಟನ್ನನ ದಾರಿಯಲ್ಲಿ ಸಿಕ್ಕ ಉತ್ತರ ಇದು. ಮಾಡಿದ್ದು ದೊಡ್ಡವರಿಗಾಗಿ. ಈಗ ಮಕ್ಕಳ ಅಂಗಡಿಯಲ್ಲಿ ಕಾಣುವ ವಾಲುವ ಸ್ಕೂಟರ್ ಇದರದೇ ಪುಟ್ಟ ರೂಪ, ಕೋಲಿನ ಜಾಗದಲ್ಲಿ ಇಂಗ್ಲಿಷಿನ ಟಿ ಆಕಾರದ ಹ್ಯಾಂಡಲ್ ಬಂದಿದೆ ಅಷ್ಟೆ. ಅಂದರೆ ದೊಡ್ಡವರ ಎರಡು ಗಾಲಿ ಸ್ಕೂಟರನ್ನು ಕುಗ್ಗಿಸಿ, ಬೀಳದಿರಲಿ ಅಂತ ಮೂರನೇ ಗಾಲಿ ಅಂಟಿಸಿದ್ದಲ್ಲ ಇದು.

ಆದರೆ ಲೋಕವನ್ನು ಗೆದ್ದದ್ದು ಮೊದಲು ಎರಡು ಗಾಲಿಯ ಮಡಚುವ ಅಲ್ಯೂಮಿನಿಯಂ ಸ್ಕೂಟರ್. ತೈವಾನಿನ ಜೆಡಿ ಕಾರ್ಪೊರೇಷನ್ ತಯಾರಿಸಿ, ಅಮೆರಿಕದಲ್ಲಿ 'ರೇಜರ್' ಹೆಸರಲ್ಲಿ ಮಾರಿದ್ದು 2000ನೇ ಇಸವಿಯಲ್ಲಿ ಬಿರುಗಾಳಿ ಎಬ್ಬಿಸಿತು. ಅದರ ಬೆನ್ನಿಗೇ ಆಸ್ಪತ್ರೆಗಳ ಲೆಕ್ಕವೂ ಬಂತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಅದೇ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಆ ವರ್ಷದ ಮೊದಲ ಹತ್ತು ತಿಂಗಳಲ್ಲಿ ಎಂಜಿನ್ ಇಲ್ಲದ ಸ್ಕೂಟರ್‌ಗಳಿಂದ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದವರು 27,600 ಮಂದಿ. ಅದರಲ್ಲಿ ಶೇಕಡಾ 85ರಷ್ಟು 15 ವರ್ಷದ ಒಳಗಿನವರು. ಶೇಕಡಾ 42 ಗಾಯಗಳು ತೋಳು-ಕೈಗೆ, ಶೇಕಡಾ 27 ತಲೆ-ಮುಖಕ್ಕೆ.

ಯಾಕೆ ಕೈಗೆ ಅಂತ ಕೇಳಿದರೆ, ಮುಂದಕ್ಕೆ ಬೀಳುವಾಗ ಯಾರಾದರೂ ಮೊದಲು ಚಾಚೋದು ಕೈಯನ್ನೇ. ಪುಟ್ಟ ಗಾಲಿ ಒಂದು ಬಿರುಕಿಗೆ ಸಿಕ್ಕಿತು ಅಂದುಕೊಳ್ಳಿ, ಅಥವಾ ಹ್ಯಾಂಡಲ್ ಪೂರ್ತಿ ಅಡ್ಡ ತಿರುಗಿತು ಅಂದುಕೊಳ್ಳಿ. ಸ್ಕೂಟರ್ ನಿಲ್ಲುತ್ತೆ, ಮಗು ನಿಲ್ಲಲ್ಲ. ಆಗಲೇ ಬಂದ ಸಲಹೆ ಇವತ್ತಿಗೂ ಬದಲಾಗಿಲ್ಲ: ಹೆಲ್ಮೆಟ್, ಮೊಣಕಾಲು ಮೊಣಕೈಗೆ ಪ್ಯಾಡ್, ಮತ್ತು ಎಂಟು ವರ್ಷದೊಳಗಿನ ಮಕ್ಕಳ ಜೊತೆ ದೊಡ್ಡವರೊಬ್ಬರು ಹತ್ತಿರವೇ ಇರಬೇಕು. ಮಣಿಕಟ್ಟಿನ ಗಾರ್ಡ್ ಬಗ್ಗೆ ಮಾತ್ರ ಅನುಮಾನ, ಅದು ಹಾಕಿಕೊಂಡರೆ ಹ್ಯಾಂಡಲ್ ಹಿಡಿಯೋದು ಕಷ್ಟ ಆಗಬಹುದು.

ಈಗ ಹೆಂಡತಿ ಕೇಳಿದ ಪ್ರಶ್ನೆಗೆ ಉತ್ತರ. ಅರ್ಧ ಬೆಲೆಯದು ಬೆಂಜ್‌ನ ಹಾದಿ: ತಿರುಗಿಸೋಕೆ ಸುಲಭ, ಮಾಡೋಕೆ ಅಗ್ಗ, ತಿರುವಿನಲ್ಲಿ ಮಗುವಿನ ಮೈ ಹೊರಕ್ಕೆ. ಹ್ಯಾಂಡಲ್ ಅಡ್ಡ ತಿರುಗುವ ಭಯವೂ ಅಲ್ಲೇ. ಇನ್ನೊಂದರಲ್ಲಿ ಹ್ಯಾಂಡಲ್ ಅಡ್ಡ ತಿರುಗೋಕೆ ಆಗೋದೇ ಇಲ್ಲ, ಅಗಲವಾದ ಬದಿ ಮುಂದಿದೆ, ವಾಲಿದರೆ ಮಾತ್ರ ತಿರುಗುತ್ತೆ. ನಿಂತು ಓಡಿಸುವ ಸ್ಕೂಟರ್ ಆದರೆ ನನ್ನ ಮತ ಎರಡನೆಯದಕ್ಕೇ, ಎರಡು ಮಾತಿಲ್ಲ. ಅಪ್ಪನಿಗೆ ಇದನ್ನು ಆಟೋದ ಉದಾಹರಣೆ ಕೊಟ್ಟು ಹೇಳಿದೆ. "ಹಂಗಾದ್ರೆ ಮುಂದೆ ಎರಡಿರೋದೇ ತಗೋ" ಅಂದರು. ಅವರು ಎಷ್ಟೋ ವರ್ಷ ಆಟೋದಲ್ಲಿ ಸ್ಟೇಷನ್ನಿಗೆ ಓಡಾಡಿದವರು, ಒಂದೇ ಮಾತಿಗೆ ಅರ್ಥ ಆಯ್ತು.

ಅಂಗಡಿಯಲ್ಲಿ

ಇಲ್ಲಿಂದ ಮುಂದೆ ಸಣ್ಣಪುಟ್ಟ ವಿಷಯ, ಆದರೆ ದುಡ್ಡು ಕೊಡೋದು ಇಲ್ಲೇ.

ಬೆಲೆ ಯಾಕೆ ಇಷ್ಟು ಅಂತ ಬಹಳ ಜನ ಕೇಳಿದ್ದಿರಿ. ಕಸ್ಟಮ್ಸ್ ಪಟ್ಟಿಯ 9503ನೇ ಶೀರ್ಷಿಕೆ ಶುರುವಾಗೋದೇ ತ್ರಿಚಕ್ರ ಸೈಕಲ್, ಸ್ಕೂಟರ್, ಪೆಡಲ್ ಕಾರುಗಳಿಂದ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಅಮೆರಿಕದಿಂದ ಬರುವ ಭಾವನ ಹತ್ತಿರ ತರಿಸೋಣ ಅನ್ನೋ ಯೋಚನೆ ಹುಟ್ಟೋದು ಇಂಥ ಕಡೆಯೇ. ಆ ಮಧ್ಯೆ ಇಲ್ಲೇ ತಯಾರಾಗುವ ಮಾಡೆಲ್‌ಗಳೂ ಹೆಚ್ಚಿವೆ. 2021ರ ಜನವರಿ 1ರಿಂದ 14 ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಸ್ಕೂಟರ್ ಡಬ್ಬದ ಮೇಲೆ ಮೊದಲು ಅದನ್ನು ಹುಡುಕಿ. ಇದರ ಹಿಂದಿರುವ ಐಎಸ್ 9873 ಮಾನದಂಡದ ಮೊದಲ ಭಾಗ ಅಂತಾರಾಷ್ಟ್ರೀಯ ಐಎಸ್ಒ 8124ರಿಂದಲೇ ಬಂದದ್ದು. ಯುರೋಪಿನ ಆಟಿಕೆ ನಿಯಮದಲ್ಲಿ ಸ್ಕೂಟರ್‌ಗೆ ಎರಡು ವರ್ಗ: 20 ಕೆಜಿವರೆಗಿನ ಮಕ್ಕಳದು, 50 ಕೆಜಿವರೆಗಿನ ಮಕ್ಕಳದು. ಡಬ್ಬದ ಮೇಲೆ ವಯಸ್ಸು ದೊಡ್ಡದಾಗಿ, ತೂಕ ಚಿಕ್ಕದಾಗಿ ಬರೆದಿರುತ್ತಾರೆ. ನೋಡಬೇಕಾದ್ದು ತೂಕವನ್ನು.

ಸ್ಕೂಟರಿನ ತೂಕವನ್ನೂ ನೋಡಿ. ಎರಡೂವರೆ ವರ್ಷದ ಮಗು ಸುಮಾರು 13 ಕೆಜಿ. ಸ್ಕೂಟರ್ 4 ಕೆಜಿ ಅಂದರೆ ಮಗುವಿನ ಮೂರನೇ ಒಂದು ಭಾಗ ಹತ್ತಿರ ಆಯಿತು. ನೀವು 20-25 ಕೆಜಿಯ ಸ್ಕೂಟರನ್ನು ಕಾಲಲ್ಲಿ ನೂಕಿದ ಹಾಗೆ. ಸೀಟು, ಬುಟ್ಟಿ, ಸಂಗೀತ, ಬೆಳಕು ಎಲ್ಲ ಇರುವ 'ತ್ರೀ ಇನ್ ಒನ್' ಮಾಡೆಲ್‌ಗಳಲ್ಲಿ ಹಲವು ಈ ಕಾರಣಕ್ಕೇ ಮೂಲೆ ಸೇರುತ್ತವೆ. ಗಾಲಿಯಲ್ಲಿ ಮಿಂಚುವ ದೀಪ ಮಾತ್ರ ತೂಕದ ಲೆಕ್ಕಕ್ಕೆ ಬರಲ್ಲ. ಒಳಗೆ ಅಯಸ್ಕಾಂತ, ಸುರುಳಿ ಇರುತ್ತೆ, ಉರುಳಿದಾಗ ತಾನೇ ವಿದ್ಯುತ್ ಹುಟ್ಟುತ್ತೆ, ಬ್ಯಾಟರಿ ಬೇಡ. ಮಗಳು ಕೇಳಿದ್ದು ಅದೊಂದನ್ನೇ, ಕೊಡಿಸಿದೆವು.

ಗಾಲಿ ಉಗುರಿನಿಂದ ಒತ್ತಿ ನೋಡಿ. ಕಲ್ಲಿನ ಹಾಗೆ ಗಟ್ಟಿ ಇದ್ದು ಟಣಟಣ ಸದ್ದು ಬಂದರೆ ಬರೀ ಪ್ಲಾಸ್ಟಿಕ್. ಮುಂದಿನ ಗಾಲಿ ದೊಡ್ಡದಿದ್ದಷ್ಟೂ ಒಳ್ಳೆಯದು, ಒಳ್ಳೆಯ ಪುಟ್ಟ ಸ್ಕೂಟರ್‌ಗಳಲ್ಲಿ 120 ಮಿಲಿಮೀಟರ್ ಸುತ್ತಮುತ್ತ ಇರುತ್ತೆ. ನಮ್ಮ ಸೊಸೈಟಿಗಳ ಟೈಲ್ಸ್ ಸಂದು, ಚರಂಡಿ ಜಾಲರಿ ಎರಡಕ್ಕೂ ಇದೇ ಔಷಧಿ. ಹಲಗೆ ನೆಲಕ್ಕೆ ಹತ್ತಿರ ಇರಲಿ, ನಿಂತ ಕಾಲು ಹೆಚ್ಚು ಬಗ್ಗದೆ ಇನ್ನೊಂದು ಕಾಲಲ್ಲಿ ನೂಕೋಕೆ ಆಗಬೇಕು. ಹ್ಯಾಂಡಲ್ ಮಗುವಿನ ಸೊಂಟಕ್ಕಿಂತ ಮೇಲೆ, ಎದೆಗಿಂತ ಕೆಳಗೆ.

ವಾಲಿಸಿ ನೋಡೋದು ಮರೆಯಬೇಡಿ. ನೀವು ಬೆರಳಲ್ಲಿ ವಾಲಿಸಿದರೆ ವಾಲುವುದು ದೊಡ್ಡ ವಿಷಯ ಅಲ್ಲ, 13 ಕೆಜಿಯ ಮಗು ನಿಂತು ವಾಲಿಸಿದಾಗ ವಾಲಬೇಕು. ಕೆಲವು ಅಗ್ಗದವುಗಳಲ್ಲಿ ಸ್ಪ್ರಿಂಗ್ ಎಷ್ಟು ಗಟ್ಟಿ ಅಂದ್ರೆ ಸ್ಕೂಟರ್ ಮರ್ಲಿನ್ನನ ಸ್ಕೇಟ್ ಥರ ನೇರ ಮಾತ್ರ ಹೋಗುತ್ತೆ. ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗೋದು ಈ ಒಂದು ಪರೀಕ್ಷೆಗಾಗಿ.

ಎರಡೂವರೆಗೆ ಬೇಗ ಆಯ್ತಾ ಅಂದರೆ, ಒಂದು ಕಾಲಲ್ಲಿ ಒಂದು ಕ್ಷಣ ನಿಲ್ಲೋದು ಬಹುತೇಕ ಮಕ್ಕಳಿಗೆ ಮೂರರ ಆಸುಪಾಸಿನಲ್ಲಿ ಬರುತ್ತೆ. ಅಲ್ಲಿಯವರೆಗೆ ಎರಡೂ ಕಾಲು ಹಲಗೆ ಮೇಲಿಟ್ಟು ನೀವು ತಳ್ಳಲಿ ಅಂತ ಕಾಯುತ್ತಾರೆ. ತಳ್ಳಿ, ಆದರೆ ಹ್ಯಾಂಡಲ್ ಹಿಡಿದು ತಳ್ಳಬೇಡಿ. ಹಾಗೆ ಮಾಡಿದರೆ ವಾಲೋದನ್ನು ಕಲಿಯೋದು ನೀವು, ಮಗು ಅಲ್ಲ. ಬೆನ್ನಿಗೆ ಕೈಯಿಡಿ. ಮೊದಲ ವಾರ ಮಕ್ಕಳು ಹ್ಯಾಂಡಲ್ ತಿರುಗಿಸೋಕೆ ನೋಡಿ ಸಿಟ್ಟಾಗುತ್ತಾರೆ. ಆಮೇಲೆ ತಾವಾಗಿಯೇ ವಾಲೋಕೆ ಶುರು ಮಾಡುತ್ತಾರೆ. ಕಲಿಯೋಕೆ ಹೆಚ್ಚು ದಿನ ಹಿಡಿಯೋದು ಅಪ್ಪ-ಅಮ್ಮಂದಿರಿಗೇ.

ಹಿಂದಿನ ಗಾಲಿಯ ಮೇಲೆ ಕಾಲಿಂದ ಒತ್ತುವ ಬ್ರೇಕ್ ಇರುತ್ತೆ. ಈ ವಯಸ್ಸಿನಲ್ಲಿ ಅದನ್ನು ಬಳಸುವ ಮಕ್ಕಳು ಅಪರೂಪ. ಅವರು ನಿಲ್ಲಿಸೋದು ಕಾಲು ನೆಲಕ್ಕೆ ಉಜ್ಜಿ. ಅದಕ್ಕೆ ಇಳಿಜಾರಿನ ಹತ್ತಿರ ಬಿಡಬೇಡಿ, ಚಪ್ಪಲಿಯಲ್ಲಿ ಬಿಡಬೇಡಿ, ಮತ್ತು ಹಬ್ಬಕ್ಕೆ ಅಜ್ಜಿ ಕೊಡಿಸಿದ ಹೊಸ ಶೂ ಹಾಕಿಸಬೇಡಿ. ಬಲಗಾಲಿನದು ಎರಡೇ ತಿಂಗಳಲ್ಲಿ ಸವೆದುಹೋಗುತ್ತೆ.